ಹಾಡಿಗೂ ಮೊದಲೇ ಬರುವ ಆ ‘ಗುಂಯ್’

ಇಯರ್‌ಫೋನ್ ಹಾಕಿದ್ದೀರಲ್ವಾ? ಹಾಗಾದ್ರೆ ಇದನ್ನ ಕೇಳಿ... ಗುಂಯ್‌‌... ಇದು ಜೇನುಹುಳ ಅಲ್ಲ, ನಮ್ಮನೆ ಟರ್ನ್‌ಟೇಬಲ್!

ತಾತನ ಎಲ್‌ಪಿಗಳನ್ನು ಕೇಳೋಣ ಅಂತ ಹಳೆಯದೊಂದು ತಂದೆ. ಮುಳ್ಳು ಇಡೋಕೆ ಮುಂಚೆಯೇ ಗುಂಯ್ ಶುರು. ಪರಿಚಯದವರೊಬ್ಬರು ಹೇಳಿದ್ರು: “ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಪಿನ್ ಕಿತ್ತುಬಿಡಿ, ನಿಲ್ಲುತ್ತೆ.” ಕಟಿಂಗ್ ಪ್ಲೇಯರ್ ಕೈಗೆ ತಗೊಂಡೂ ಆಗಿತ್ತು. ಆಮೇಲೆ ಅನ್ನಿಸ್ತು, ಈ ಸದ್ದು ಬರೋದಾದ್ರೂ ಎಲ್ಲಿಂದ?

1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ರೆಕಾರ್ಡಿಗೆ ಹಾಡಿದಾಗ ಮುಂದೆ ಮೈಕ್ ಇರಲಿಲ್ಲ, ಕಹಳೆಯಂಥ ಕೊಳವೆ ಇತ್ತು. ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಮೂಡುತ್ತಿತ್ತು. ಮನೆಯಲ್ಲಿ ಕೇಳೋದೂ ಕೀ ಕೊಡುವ ಗ್ರಾಮಫೋನಿನಲ್ಲಿ. ಕರೆಂಟೇ ಇಲ್ಲದ ಮೇಲೆ ಗುಂಯ್ ಎಲ್ಲಿಂದ ಬರಬೇಕು? ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಅದೇ 1902ರಲ್ಲಿ.

ರೆಕಾರ್ಡಿಂಗಿಗೆ ಮೈಕ್, ಆಂಪ್ಲಿಫೈಯರ್ ಬಂದದ್ದು 1925ರಲ್ಲಿ. ತಗ್ಗಿನ ಸ್ವರಗಳಿಗೆ ಅಗಲವಾದ ಗೀರು ಬೇಕು, ತಟ್ಟೆಯಲ್ಲಿ ಜಾಗ ಸಾಲದು. ಅದಕ್ಕೇ ಕೊರೆಯುವಾಗ ಅವನ್ನು ತಗ್ಗಿಸಿ, ನುಡಿಸುವಾಗ ಹಿಗ್ಗಿಸುತ್ತಾರೆ. ಕಂಪನಿಗೊಂದು ಅಳತೆ ಇತ್ತು. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಒಂದೇ ಅಳತೆ ತಂದಿತು. ಅದರ ಪ್ರಕಾರ, 1000 ಹರ್ಟ್ಸ್‌ ಸ್ವರಕ್ಕಿಂತ 50 ಹರ್ಟ್ಸ್‌ ಸ್ವರ ಸುಮಾರು 7 ಪಟ್ಟು ಹಿಗ್ಗುತ್ತೆ.

ನಮ್ಮ ಮನೆ ಕರೆಂಟು ಎಷ್ಟು ಹರ್ಟ್ಸ್? 50! ಮುಳ್ಳಿನಿಂದ ಬರೋದು ಕೆಲವೇ ಮಿಲಿವೋಲ್ಟ್. ಅದರ ಜೊತೆ ಕರೆಂಟಿನ ಚೂರು ನುಸುಳಿದರೂ ಸಾಕು, ಗುಂಯ್ ಅಂತ ದೊಡ್ಡದಾಗುತ್ತೆ.

ಹಾಗಾದ್ರೆ ಹುಡುಕೋದು ಹೇಗೆ? ಆಂಪ್ಲಿಫೈಯರಿನ ಸ್ವಿಚ್ಚನ್ನು ಫೋನೋದಿಂದ ಬೇರೆ ಕಡೆಗೆ ತಿರುಗಿಸಿ. ಸದ್ದು ನಿಂತರೆ ದೋಷ ಟರ್ನ್‌ಟೇಬಲ್ ಕಡೆಯದು. ಅದರ ಹಿಂದಿನ ಸಣ್ಣ ಒಂಟಿ ವೈರ್ ಆಂಪ್ಲಿಫೈಯರಿನ ‘ಗ್ರೌಂಡ್’ ಸ್ಕ್ರೂಗೆ ಬಿಗಿಯಾಗಿದೆಯಾ ನೋಡಿ. ಆಮೇಲೂ ನಿಲ್ಲದಿದ್ದರೆ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ; ಟಿವಿ, ಕಂಪ್ಯೂಟರಿನ ಕೇಬಲ್‌ಗಳನ್ನು ಒಂದೊಂದಾಗಿ ಬಿಚ್ಚಿ.

ನಮ್ಮನೆಯಲ್ಲಿ ಆ ಸಣ್ಣ ವೈರ್ ಸುಮ್ಮನೆ ನೇತಾಡ್ತಿತ್ತು. ಸ್ಕ್ರೂ ಬಿಗಿ ಮಾಡಿದೆ. ನಿಶ್ಶಬ್ದ.

ಮತ್ತೆ ಆ ದಪ್ಪ ಪಿನ್? ಅದು ಅರ್ಥ್. ಒಳಗೆ ವೈರ್ ಬಿಟ್ಟು ಲೋಹದ ಪೆಟ್ಟಿಗೆಗೆ ತಾಗಿದರೆ ಕರೆಂಟು ಅದರ ಮೂಲಕ ನೆಲಕ್ಕೆ ಹೋಗುತ್ತೆ, ಫ್ಯೂಸ್ ಹಾರುತ್ತೆ. ಪಿನ್ ಇಲ್ಲದಿದ್ದರೆ ಹೋಗೋದು ನಿಮ್ಮ ಕೈ ಮೂಲಕ. ಸದ್ದು ಸಹಿಸಬಹುದು, ಆ ಪಿನ್ನಿಗೆ ಮಾತ್ರ ಕೈ ಹಚ್ಚಬೇಡಿ.

ತಾತನ ರೆಕಾರ್ಡ್ ಈಗ ಹಾಡ್ತಿದೆ. ಮುಂದಿನ ವಾರ ಸಿಗೋಣ.