ಆಯುಧಪೂಜೆಯ ಸಾಲು

ದಿನಬಳಕೆಯ ವಸ್ತುಗಳನ್ನು ತೊಳೆದು, ಒರಸಿ, ಕಣ್ಣಿಗೆ ಒಪ್ಪುವಂತೆ ಜೋಡಿಸುವುದೂ ಒಂದು ಕಲೆಯೇ ಸರಿ. ನಮ್ಮ ಹಳ್ಳಿಗಳಲ್ಲಿ ಈ ಕಲೆಗೆ ಬೇರೆ ಗುರುಕುಲವಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಆಯುಧಪೂಜೆಯೇ ಅದನ್ನು ಕಲಿಸುತ್ತಿತ್ತು.

ಈ ಹಬ್ಬದ ರಾಜವೈಭವ ಎಲ್ಲರಿಗೂ ವಿದಿತವಾದುದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯಂದು ಸಾಲುಗಟ್ಟಿ ನಿಂತ ಆನೆ ಕುದುರೆಗಳನ್ನೂ ಪಡೆಯನ್ನೂ ವರ್ಣಿಸಿದ್ದಾನೆ. ರಾಜ ಒಡೆಯರು 1610ರಲ್ಲಿ ಆ ಉತ್ಸವವನ್ನು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ರಾಜಧಾನಿ ಮೈಸೂರಿಗೆ ಸಾಗಿತು; ಒಡೆಯರ ದಸರೆಯೂ ಅಲ್ಲಿಯೇ ನೆಲೆಸಿತು. ಅರಸನ ಸಾಲಿನಲ್ಲಿ ಪಟ್ಟದ ಕತ್ತಿ. ಒಕ್ಕಲಿಗನ ಸಾಲಿನಲ್ಲಿ ಕುಡುಗೋಲು. ಮೊದಲನೆಯದನ್ನು ಬರೆದಿಟ್ಟವರು ಹಲವರು, ಎರಡನೆಯದನ್ನು ಬರೆದವರು ವಿರಳ.

ಆದರೆ ಓದಬಲ್ಲವನಿಗೆ ಆ ಎರಡನೆಯ ಸಾಲೂ ಒಂದು ಶಾಸನವೇ. ಕಾವೇರಿಯ ಹಳೆಯ ನಾಲೆಗಳು ಹರಿಯುವ ಶ್ರೀರಂಗಪಟ್ಟಣದ ಸೀಮೆಯಲ್ಲಿ ಭತ್ತದ ಗದ್ದೆಯ ಗುದ್ದಲಿ, ಸನಿಕೆಗಳಿಗೆ ಪ್ರಾಧಾನ್ಯ. ಹೇಮಾವತಿಗೆ ಮಂದಗೆರೆ, ಹೇಮಗಿರಿಗಳಲ್ಲಿ ಕಟ್ಟೆಗಳಿರುವ ಕೃಷ್ಣರಾಜಪೇಟೆಯಲ್ಲಿ ನೀರಾವರಿಯ ಊರೂ ಉಂಟು, ಮಳೆಯನ್ನೇ ನಂಬಿದ ಊರೂ ಉಂಟು. ಗುದ್ದಲಿಯ ಪಕ್ಕದಲ್ಲಿಯೇ ರಾಗಿ ಬಿತ್ತುವ ಕೂರಿಗೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ, ಪಾಂಡವಪುರದ ಬಳಿಯಿದ್ದ ನನ್ನ ಸೋದರಮಾವನ ಮನೆಯಂಥ ಮನೆಗಳ ಸಾಲಿಗೆ ಕಬ್ಬು ಕಡಿಯುವ ಮಚ್ಚು ಬಂದು ಸೇರಿತು.

ನಮ್ಮದು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ನವಮಿಯ ಬೆಳಿಗ್ಗೆ ನಮ್ಮ ತಂದೆ ಸಾರಿಸಿದ ಪಡಸಾಲೆಯಲ್ಲಿ ನೇಗಿಲನ್ನು ನಡುವೆ ಇಡುತ್ತಿದ್ದರು. ಅದರ ಎಡಬಲಕ್ಕೆ ನೊಗ, ಕುಂಟೆ, ಕೂರಿಗೆ. ಮುಂದಿನ ಸಾಲಿನಲ್ಲಿ ಹಾರೆ, ಗುದ್ದಲಿ, ಕುಡುಗೋಲು, ಹಿಡಿಗಳೆಲ್ಲ ಒಂದೇ ಕಡೆಗೆ. ತುದಿಯಲ್ಲಿ ಕೊಳಗ, ಸೇರು, ಪಾವು, ದೊಡ್ಡದರಿಂದ ಚಿಕ್ಕದಕ್ಕೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದ ಹಿತ್ತಾಳೆ ಹುಣಿಸೆಹಣ್ಣಿನಲ್ಲಿ ಬೆಳಗಿದಾಗ ಹೊನ್ನಿನಂತೆ ಹೊಳೆಯುತ್ತಿತ್ತು. ನನ್ನ ಪುಸ್ತಕ, ಲೇಖನಿಗಳಿಗೂ ಅಲ್ಲಿ ಒಂದು ಗೇಣು ಜಾಗ ದೊರೆಯುತ್ತಿತ್ತು.

ಒಂದು ವರ್ಷ ತಂದೆ ಕಪಿಲೆಯ ಮಿಣಿಯನ್ನು ಸುರುಳಿ ಸುತ್ತಿ ಇಡುತ್ತಿದ್ದಾಗ, "ಇದನ್ನ ಹೊಲಿದ ಉಳಿ ಎಲ್ಲಪ್ಪ?" ಎಂದು ಕೇಳಿದೆ. "ಅದು ಅವರ ಮನೇಲಿ ಕೂತಿರ್ತದೆ ಕಣೋ" ಎಂದರು. ನೋಡಲು ನಾನೊಬ್ಬನೇ ಹೋದೆ. ಊರಾಚೆಯ ಕೇರಿಯ ಒಂದು ಗುಡಿಸಲಿನಲ್ಲಿ ಉಳಿ, ರಂಪಿಗೆ, ದಬ್ಬಳಗಳು ನಮ್ಮ ಮನೆಯ ಸಾಲಿಗಿಂತಲೂ ನೇರವಾಗಿ ಕುಳಿತಿದ್ದವು, ಪ್ರತಿಯೊಂದಕ್ಕೂ ಒಂದೊಂದು ಚೆಂಡುಹೂ. ಆ ಮನೆಯ ಹಿರಿಯರು "ಒಳಕ್ಕೆ ಬರಬ್ಯಾಡಿ ಬುದ್ಧಿ, ಅಲ್ಲೇ ನಿಂತು ನೋಡಿ" ಎಂದರು. ಹಿಂದಿರುಗಿದಾಗ ನಮ್ಮ ಅಜ್ಜಿ ನನ್ನನ್ನು ಅಂಗಳದಲ್ಲಿಯೇ ನಿಲ್ಲಿಸಿ ತಲೆಯ ಮೇಲೆ ತಣ್ಣೀರು ಸುರಿದರು. ಆ ಕೈ ಹೊಲಿದ ಮಿಣಿ ಮಾತ್ರ ದೇವರ ಮುಂದೆಯೇ ಇತ್ತು.

ಬಡಗಿ, ಕಮ್ಮಾರ, ಕುಂಬಾರ, ಅಗಸ, ನೀರಗಂಟಿ ಮೊದಲಾದ ಆಯಗಾರರಿಗೆ ಕಣದಲ್ಲಿ ರಾಶಿಯ ಪಾಲು ಸಲ್ಲುತ್ತಿದ್ದುದನ್ನು ಮುಂದೆ ನಾನು ತರಗತಿಗಳಲ್ಲಿ ಪರಸ್ಪರ ಸಹಕಾರದ ಮಾದರಿಯೆಂದು ವಿವರಿಸಿದೆ. ಅದು ಸುಳ್ಳಲ್ಲ. ಆದರೆ ಆ ತಣ್ಣೀರಿನ ಸಂಗತಿಯನ್ನು ಒಮ್ಮೆಯೂ ಹೇಳಲಿಲ್ಲ. ಒಪ್ಪವಾದ ಸಾಲು ವಸ್ತುವನ್ನು ತೋರಿಸುತ್ತದೆ, ಅದನ್ನು ಮಾಡಿದ ಕೈಯನ್ನು ಮರೆಸುತ್ತದೆ. ನನ್ನ ಪಾಠವೂ ಹಾಗೆಯೇ ಇತ್ತೆಂದು ಈಗ ಅನ್ನಿಸುತ್ತದೆ.

ಕಪಿಲೆಯ ಕಾಲ ಮುಗಿದಿದೆ. ಸೇರು ಪಾವುಗಳ ಬದಲು ಕಿಲೋ ಲೀಟರುಗಳು ಬಂದಿವೆ. ಸಾಲಿನಲ್ಲಿ ಈಗ ಪಂಪುಸೆಟ್ಟಿನ ಪಾನಾ, ಔಷಧಿ ಸಿಂಪಡಿಸುವ ಡಬ್ಬಿಗಳಿವೆ. ಸಾಲು ಬದಲಾಗಲಿ, ಚಿಂತೆಯಿಲ್ಲ. ಮುಂದಿನ ನವಮಿಯಂದು ಅದನ್ನು ಜೋಡಿಸುವಾಗ, ಒಂದೊಂದನ್ನೂ ಮಾಡಿಕೊಟ್ಟವರು ಯಾರು, ಅವರನ್ನು ನಾವು ಎಲ್ಲಿ ನಿಲ್ಲಿಸಿದ್ದೆವು ಎಂಬುದನ್ನು ಮನೆಯ ಮಕ್ಕಳಿಗೆ ಹೇಳೋಣ.