ದ್ರವನ ಬಿಂದು ಮತ್ತು ಕುದಿಯುವ ಬಿಂದು

ಘನವಸ್ತುವು ಕರಗಿ ದ್ರವವಾಗುವ ತಾಪಮಾನವನ್ನು ದ್ರವನ ಬಿಂದು ಎಂದೂ, ದ್ರವವು ಕುದಿದು ಆವಿಯಾಗುವ ತಾಪಮಾನವನ್ನು ಕುದಿಯುವ ಬಿಂದು ಎಂದೂ ಕರೆಯುತ್ತಾರೆ. ವಸ್ತುಗಳ ಬಳಕೆಯನ್ನು ನಿರ್ಧರಿಸುವಲ್ಲಿ ಇವು ಮುಖ್ಯವಾಗಿವೆ.

ಪಾದರಸವು −38.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 356.7 ಡಿಗ್ರಿಯಲ್ಲಿ ಕುದಿಯುತ್ತದೆ. ಈ ವಿಶಾಲ ಅಂತರದಿಂದಾಗಿ ಅದು ಉಷ್ಣತಾಮಾಪಕಕ್ಕೆ ಒದಗಿತು. ತೀವ್ರ ಚಳಿಯನ್ನು ಅಳೆಯಲು −114 ಡಿಗ್ರಿಯವರೆಗೂ ಹೆಪ್ಪುಗಟ್ಟದ ಎಥನಾಲ್ ಬಳಸುತ್ತಾರೆ. 232 ಡಿಗ್ರಿಯಲ್ಲೇ ಕರಗುವ ತವರವನ್ನು ಬೆಸುಗೆಗೂ, 3422 ಡಿಗ್ರಿಯಲ್ಲಿ ಕರಗುವ ಟಂಗ್‌ಸ್ಟನ್ನನ್ನು ವಿದ್ಯುದ್ದೀಪದ ತಂತಿಗೂ ಉಪಯೋಗಿಸುತ್ತಾರೆ. ಚಿನ್ನದ ದ್ರವನ ಬಿಂದು 1064 ಡಿಗ್ರಿ, ಕಬ್ಬಿಣದ್ದು 1538 ಡಿಗ್ರಿ.

ಕುದಿಯುವ ಬಿಂದು ಒತ್ತಡವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ ಸುಮಾರು 100 ಡಿಗ್ರಿಯಲ್ಲಿ ಕುದಿಯುವ ನೀರು, ವಾಯುವಿನ ಒತ್ತಡ ಕಡಿಮೆಯಿರುವ ಎವರೆಸ್ಟ್ ಶಿಖರದಲ್ಲಿ ಸುಮಾರು 70 ಡಿಗ್ರಿಯಲ್ಲೇ ಕುದಿಯುತ್ತದೆ. ಆದುದರಿಂದ ಎತ್ತರದ ಪ್ರದೇಶಗಳಲ್ಲಿ ನೀರು ಬೇಗ ಕುದಿದರೂ ಬೇಳೆ ಬೇಯುವುದು ತಡ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಅಡುಗೆ ಬೇಗ ಆಗುತ್ತದೆ.