ಮೇಕ್‌ನಿಂದ ಸಿಮೇಕ್‌ವರೆಗೆ

1976ರ ಒಂದು ದಿನ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಬೆಳಗ್ಗೆಯಿಡೀ ಒಂದು ಪ್ರೋಗ್ರಾಮಿನ ದೋಷ ಹುಡುಕುತ್ತಾ ಕೂತರು. ದೋಷವನ್ನು ಆಗಲೇ ತಿದ್ದಿಯಾಗಿತ್ತು, ತಿದ್ದಿದ ಫೈಲ್ ಮಾತ್ರ ಮತ್ತೆ ಕಂಪೈಲ್ ಆಗಿರಲಿಲ್ಲ! ಈ ಗೋಳು ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಆ ವಾರಾಂತ್ಯದಲ್ಲೇ ‘ಮೇಕ್’ ಬರೆದರು. ಫೈಲುಗಳ ಸಮಯ ನೋಡಿ, ಹಳತಾದದ್ದನ್ನಷ್ಟೇ ಮತ್ತೆ ಕಟ್ಟುವ ಸಾಧನವದು.

ಆದರೆ ಒಂದೊಂದು ಕಂಪನಿಯ ಯುನಿಕ್ಸ್ ಒಂದೊಂದು ಥರ. ಅದಕ್ಕೆ ಡೇವಿಡ್ ಮೆಕೆಂಝಿ 1991ರಲ್ಲಿ ಆಟೋಕಾನ್ಫ್ ತಂದರು. ಅದು ಹುಟ್ಟಿಸುವ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಪುಟ್ಟ ಪುಟ್ಟ ಸಿ ಪ್ರೋಗ್ರಾಮುಗಳನ್ನು ತಾನೇ ಬರೆದು, ಕಂಪೈಲ್ ಮಾಡಿ, ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಪರೀಕ್ಷಿಸುತ್ತದೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ!

ವಿಜ್ಞಾನದ ತಂತ್ರಾಂಶದಲ್ಲಿ ತೊಡಕು ಹೆಚ್ಚು, ಏಕೆಂದರೆ ಅಲ್ಲಿ ಫೋರ್ಟ್ರಾನ್ ಇನ್ನೂ ಜೀವಂತ. ಮ್ಯಾಟ್ರಿಕ್ಸ್ ಗುಣಿಸುವ ‘ಡಿಜೆಮ್’ ಎಂಬ ಫೋರ್ಟ್ರಾನ್ ರೂಟೀನಿನ ಹೆಸರಿನ ಬಾಲಕ್ಕೆ ಹಲವು ಕಂಪೈಲರ್‌ಗಳು ಒಂದು ಅಂಡರ್‌ಸ್ಕೋರ್ ಅಂಟಿಸುತ್ತವೆ, ಕೆಲವು ಅಂಟಿಸುವುದಿಲ್ಲ. ಆ ಒಂದು ಗೆರೆಯ ವ್ಯತ್ಯಾಸಕ್ಕೇ ಲಿಂಕರ್ ಮುಷ್ಕರ ಹೂಡುತ್ತದೆ. ಪರದೆಯ ಮೇಲೆ ‘ಲೈಬ್ರರಿ ಇಲ್ಲ’ ಎಂದಷ್ಟೇ ಕಾಣುತ್ತದೆ. ನಿಜವಾದ ಕಾರಣ ಇರುವುದು ಕಾನ್ಫಿಗರ್ ಬರೆದಿಡುವ ಕಾನ್ಫಿಗ್ ಲಾಗ್‌ ಫೈಲಿನಲ್ಲಿ. ಅದೂ ಕೊನೆಯ ಸಾಲುಗಳಲ್ಲಲ್ಲ, ಪರೀಕ್ಷೆ ಸೋತ ಜಾಗದಲ್ಲಿ. ಓಡಿಸಿದ ಆದೇಶ, ಬಂದ ದೋಷ ಎರಡೂ ಅಲ್ಲಿ ಅಕ್ಷರಶಃ ದಾಖಲಾಗಿರುತ್ತವೆ.

ವಿಂಡೋಸ್‌ನಲ್ಲೂ ಯುನಿಕ್ಸ್‌ನಲ್ಲೂ ಕಟ್ಟಬೇಕಿದ್ದ ವೈದ್ಯಕೀಯ ಚಿತ್ರಗಳ ತಂತ್ರಾಂಶ ಐಟಿಕೆಗಾಗಿ 2000ದ ಹೊತ್ತಿಗೆ ಕಿಟ್‌ವೇರ್ ಸಿಮೇಕ್ ರೂಪಿಸಿತು. ಅದು ಒಮ್ಮೆ ಕಂಡ ಲೈಬ್ರರಿಯ ದಾರಿಯನ್ನು ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊಸ ಲೈಬ್ರರಿ ಹಾಕಿದ ಮೇಲೂ ಹಳೆಯದನ್ನೇ ಹಿಡಿದು ಕೂತರೆ, ಬಿಲ್ಡ್ ಫೋಲ್ಡರನ್ನೇ ಅಳಿಸಿ ಮೊದಲಿನಿಂದ ಶುರು ಮಾಡುವುದು ಇಂದಿಗೂ ರೂಢಿ.